ಕಾಕಾನ ಕಾಲಿನ ಕೊಳವೆ

ನಾನು ಗೋಕಾಕದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ಅದೇ ಕುತ್ತಾಯಿತು. ಯಮಕನಮರಡಿಯ ನಮ್ಮ ಕಾಕಾನ ಎಡಗಾಲಿನ ರಕ್ತನಾಳ ಮುಚ್ಚಿಹೋಗಿ, ವೈದ್ಯರು ಅಲ್ಲೊಂದು ಕೃತಕ ಕೊಳವೆ ಕೂಡಿಸಿದ್ದರು. ಅದರಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೆಪಾರಿನ್ ಎಂಬ ಸೂಜಿ ಹಾಕಬೇಕು, ತಡವಾದರೆ ಕಾಲೇ ಹೋಗುತ್ತದೆ ಎಂದಿದ್ದರು. ನಾನು ಜಾಣತನ ತೋರಿಸಲು ಹೋಗಿ, ಅದನ್ನು ಹಂದಿಯ ಕರುಳಿನಿಂದ ತೆಗೆಯುತ್ತಾರೆ ಎಂದುಬಿಟ್ಟೆ. ನೆಲದೊಳಗೆ ಬೆಳೆಯುತ್ತದೆಂದು ಗಜ್ಜರಿಯನ್ನೂ ಮುಟ್ಟದ ಜೈನರ ಮನೆ ನಮ್ಮದು. ಸತ್ತರೂ ಆ ಸೂಜಿ ಬೇಡವೆಂದು ಕಾಕಾ ಆಣೆ ಮಾಡಿದ.

ತಪ್ಪು ತಿದ್ದಿಕೊಳ್ಳಲು ಪತ್ರಿಕೆಯ ತುಣುಕೊಂದನ್ನು ಒಯ್ದೆ. ವಿಜ್ಞಾನಿಗಳು ಸ್ಟೆಮ್ ಸೆಲ್ ಎಂಬ ಆಕರಕೋಶಗಳ ವಂಶವಾಹಿಯನ್ನು ಮಾರ್ಪಡಿಸಿ ಇಂಥ ಕೊಳವೆಯ ಒಳಮೈಯಲ್ಲಿ ಬೆಳೆಸುತ್ತಿದ್ದಾರಂತೆ, ಆಗ ರಕ್ತ ಹೆಪ್ಪುಗಟ್ಟುವುದಿಲ್ಲವಂತೆ. ಎಲ್ಲ ಇನ್ನೂ ಪ್ರಯೋಗಶಾಲೆಯಲ್ಲಿತ್ತು. ಕಾಕಾ ಎರಡು ಸಲ ಓದಿಸಿದ.

"ಜೀವ ಐತೇನು ಅವಕ್ಕ?"

"ಐತ್ರಿ ಕಾಕಾ. ನಿಮ್ಮ ಮೈಯಾಗಿನವನ್ನ ತಗೊಂಡು ಮಾಡಬಹುದಂತ."

"ಹೊತ್ತು ಮುಳುಗಿದ ಮ್ಯಾಲ ತಿಂತಾವೇನು?"

ಸೂರ್ಯಾಸ್ತದ ನಂತರ ತುತ್ತು ಎತ್ತದವನು ಆತ. ಕಾಲಿನಲ್ಲಿ ಬಾಡಿಗೆಗೆ ಕುಳಿತವು ರಾತ್ರಿ ಉಂಡರೆ ವ್ರತ ಯಾರದು ಕೆಡುತ್ತದೆ ಎಂದು ಬಸದಿಯ ಕಟ್ಟೆಯ ಮೇಲೆ ವಾರಗಟ್ಟಲೆ ಚರ್ಚೆ ನಡೆಯಿತು. ಅವಕ್ಕೆ ಮೊದಲೇ ಹಗಲೂಟದ ರೂಢಿ ಮಾಡಿಸಬೇಕೆಂದು ತೀರ್ಮಾನವಾಯಿತು. ವಿಜ್ಞಾನಿಗಳಿಗೆ ಅದನ್ನು ಬರೆದು ತಿಳಿಸುವ ಕೆಲಸ ನನ್ನ ತಲೆಗೆ ಬಿತ್ತು. ಅಲ್ಲಿಯವರೆಗೆ ಕಾಯುತ್ತೇನೆ ಎಂದ ಕಾಕಾ.

ಕಾಕು ಮಾತ್ರ ದಿನಾ ಮುಂಜಾನೆ ಬಗ್ಗಿ, ರಕ್ತ ಹರಿಯುತ್ತಿದೆಯೇ ಎಂದು ಗಂಡನ ಪಾದ ಹಿಡಿದು ನಾಡಿ ನೋಡುತ್ತಿದ್ದಳು. ನಮಸ್ಕಾರ ಮಾಡುತ್ತಿದ್ದಾಳೆಂದು ತಿಳಿದ ಓಣಿಯ ಗಂಡಸರು ಅವಳನ್ನು ತೋರಿಸಿ ತಮ್ಮ ಹೆಂಡಂದಿರಿಗೆ ಬುದ್ಧಿ ಹೇಳುತ್ತಿದ್ದರು.

ಒಂದು ಮುಂಜಾನೆ ಪಾದ ತಣ್ಣಗಿತ್ತು, ನಾಡಿ ಸಿಗಲಿಲ್ಲ. ಜೀಪಿನಲ್ಲಿ ಬೆಳಗಾವಿಗೆ ಒಯ್ದೆವು. ವೈದ್ಯರು ಸೂಜಿ ತರಿಸಿದಾಗ ಕಾಕಾ ನನ್ನತ್ತ ತಿರುಗಿದ. "ತಮ್ಮಾ, ಆ ಕೋಶ ಎಲ್ಲಿ ತನಕ ಬಂದಾವು?"

"ಇನ್ನೂ ಪ್ರಯೋಗಶಾಲ್ಯಾಗ ಅದಾವ್ರಿ," ಎಂದೆ. ಅವನ ಕಾಲು ಹೋದರೆ ಅದು ನನ್ನ ಬಾಯಿಂದಲೇ.

ಗಂಡನೆದುರು ಎಂದೂ ದನಿ ಎತ್ತದ ಕಾಕು ಮುಂದೆ ಬಂದಳು. "ಹಾಕ್ರಿ ಸಾಹೇಬ್ರ. ಪಾಪ ನಾ ಹೊರತೇನಿ." ಕಾಕಾ ಬಾಯಿ ತೆರೆದ. "ನೀವು ಸುಮ್ಮನ ಮಲಕೋರಿ," ಎಂದಳು.

ಸೂಜಿ ಹಾಕಿ, ಕೊಳವೆಯೊಳಗಿನ ಹೆಪ್ಪು ತೆಗೆದರು. ಕಾಲು ಉಳಿಯಿತು.

ಮನೆಗೆ ಬಂದ ದಿನವೇ ಕಾಕು, ಹೊತ್ತ ಪಾಪಕ್ಕೆ ಪ್ರಾಯಶ್ಚಿತ್ತವಾಗಿ, ಚಹಾ ಬಿಟ್ಟಳು. ಅದಿಲ್ಲದೆ ಅವಳ ತಲೆ ಸಿಡಿಯುತ್ತಿತ್ತು. ಕೇಳಿದವರಿಗೆ ಪಿತ್ತ ಎನ್ನುತ್ತಿದ್ದಳು. ಕಾಕಾ ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತ ಕಾಲು ಚಾಚುತ್ತಿದ್ದ, ಅವಳು ನಾಡಿ ಹುಡುಕುತ್ತಿದ್ದಳು. ಬಾಯಿ ಬಿಟ್ಟವನು ನಾನು. ನಾನು ಇವತ್ತಿಗೂ ದಿನಕ್ಕೆ ನಾಲ್ಕು ಸಲ ಚಹಾ ಕುಡಿಯುತ್ತೇನೆ.