ಸಂತಪುರದ ಹೊಲ ಸುತ್ತಿದ ಗಡಿಗೆ

ಭಾನುವಾರ ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಬಾಗಿಲಲ್ಲಿ ಒಬ್ಬಾಕೆ ಹಸಿ ಕಡಲೆ ಗಿಡ ಕಟ್ಟು ಕಟ್ಟಿ ಮಾರುತ್ತಿದ್ದಳು. ಒಂದು ಕಟ್ಟು ಕೊಂಡೆ. ಕಡಲೆ ಎಲೆಯ ಮೇಲೊಂದು ಹುಳಿ ಇರುತ್ತದೆ, ನಿಮಗೂ ಗೊತ್ತಿರಬಹುದು. ಬೆರಳಿಗೆ ಅಂಟುತ್ತದೆ, ಆ ಬೆರಳಿನಿಂದ ಮೊಬೈಲ್ ಮುಟ್ಟಿದರೆ ಪರದೆ ಮಂಜಾಗುತ್ತದೆ. ನಾನು ಮುಟ್ಟಿದೆ. ಮುಟ್ಟದೆ ಇರಲು ನನಗೆ ಬರುವುದಿಲ್ಲ. ಬೆರಳು ಮೂಸಿ ನೋಡಿದಾಗ ಸಂತಪುರದ ಒಂದು ಎಳ್ಳಮಾವಾಸ್ಯೆ ನೆನಪಾಯಿತು. ನೆನಪಾಯಿತು ಎನ್ನಲೂ ಅನುಮಾನವೇ. ವಿಶ್ವವಿದ್ಯಾಲಯ ನನಗೆ ಚೆನ್ನಾಗಿ ಕಲಿಸಿದ್ದು ಒಂದೇ ಸಂಗತಿ, ಪುರಾವೆ ಎಲ್ಲಿ ಎಂದು ಕೇಳುವುದು. ಆ ದಿನಕ್ಕೆ ಪುರಾವೆ ಇಲ್ಲ. ಹಾಸ್ಟೆಲ್ಲಿನ ಅರೆಬೆಂದ ಅನ್ನಕ್ಕೂ ಫೋಟೋ ತೆಗೆದಿಟ್ಟವರು ನಾವು. ಆ ಮಧ್ಯಾಹ್ನದ್ದು ಮಾತ್ರ ಒಂದು ಚಿತ್ರವೂ ಇಲ್ಲ.

ನಾವೆಂದರೆ ಬೀದರಿನಲ್ಲಿ ಎಂ.ಎ. ಓದುತ್ತ ಒಂದೇ ಕೋಣೆಯಲ್ಲಿದ್ದ ಮೂವರು: ನಾನು, ಭಾಲ್ಕಿಯ ಗೌತಮ, ಔರಾದ್ ತಾಲೂಕಿನ ಸಂತಪುರದ ಸೋಮನಾಥ. ಓದುತ್ತಿದ್ದೆವು ಎಂಬುದು ಮನೆಗೆ ಹೇಳುವ ಮಾತು. ಗೌತಮ ಗೇಮಿನಲ್ಲಿರುತ್ತಿದ್ದ, ಸೋಮನಾಥ ರೀಲುಗಳಲ್ಲಿ. ನಾನು ಗುರುತಿಲ್ಲದವರ ಜೊತೆ ಕಮೆಂಟಿನಲ್ಲಿ ವಾದ ಮಾಡುತ್ತಿದ್ದೆ. ಒಂದು ಮಂಚದಿಂದ ಪಕ್ಕದ ಮಂಚಕ್ಕೆ ‘ಚಹಾಕ್ಕ ಬರ್ತೀ?’ ಎಂದು ಮೆಸೇಜು ಹೋಗುತ್ತಿತ್ತು. ಒಮ್ಮೆ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ನಮ್ಮ ವ್ಯಾಯಾಮ ಮತ್ತು ಇಂಟರ್ನೆಟ್ ಗೀಳಿನ ಬಗ್ಗೆ ವಿಚಾರಿಸಲು ಬಂದಳು. ನಿಮಗೆ ಏದುಸಿರು ಬರುವುದು ಯಾವಾಗ ಎಂದು ಕೇಳಿದಳು.

“ನೆಟ್ ಹೋದಾಗ್ರಿ, ಮೇಡಂ,” ಎಂದ ಸೋಮನಾಥ. ಆಕೆ ನಗದೆ ಬರೆದುಕೊಂಡಳು.

ಆ ವರ್ಷ ಎಳ್ಳಮಾವಾಸ್ಯೆಗೆ ಅವನು ನಮ್ಮನ್ನು ತನ್ನ ಹೊಲಕ್ಕೆ ಕರೆದೊಯ್ದ. ಜೋಳದ ದಂಟಿನ ಕೊಂಪೆ, ಅದರೊಳಗೆ ಪಾಂಡವರೆಂದು ಪೂಜಿಸುವ ಸುಣ್ಣ ಬಳಿದ ಐದು ಕಲ್ಲು, ಹೊರಗೆ ಹಸಿ ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಭಜ್ಜಿಯ ಬಗ್ಗೆಯೇ ಒಂದು ಪುಟ ಬರೆಯುವ ಆಸೆಯಿದೆ, ತಡೆದುಕೊಳ್ಳುತ್ತೇನೆ. ಪೂಜೆಯಾದ ಮೇಲೆ ಎಡೆಯನ್ನು ಹೊಲದ ಸುತ್ತ ಎರಚಿ ಬರುವ ಚರಗ ನಮ್ಮ ಕಡೆ ಎಲ್ಲರಿಗೂ ಉಂಟು. ಸೋಮನಾಥನ ಮನೆತನದಲ್ಲಿ ಅದಕ್ಕೊಂದು ಹಟ ಸೇರಿಕೊಂಡಿತ್ತು. ಚರಗದ ಗಡಿಗೆ ಎತ್ತಿದವರು ಓಡುತ್ತಲೇ ಹೊಲ ಸುತ್ತಿ ಬರಬೇಕು. ಗಡಿಗೆ ನಡುವೆ ನಿಂತಿತೋ, ಮುಂದಿನ ವರ್ಷದಿಂದ ಆ ಮಾನ ಪಕ್ಕದ ಹೊಲದ ಕಾಕಾನ ಮನೆಗೆ. ಪ್ರತಿವರ್ಷ ಓಡುತ್ತಿದ್ದವರು ಸೋಮನಾಥನ ಅಪ್ಪ. ಆ ಸಲ ಅವರ ಕಾಲು ಉಳುಕಿತ್ತು. ಸುದ್ದಿ ತಿಳಿದ ಕಾಕಾ ಊಟ ಮುಗಿಸಿ ಬಂದು ಬದುವಿನ ಮೇಲೆ ಕುಳಿತಿದ್ದರು.

“ನಾ ಓಡ್ತೇನಿ, ಆಯಿ,” ಎಂದ ಸೋಮನಾಥ.

ಅಜ್ಜಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. “ನೀ ಓಡ್ತಿ? ಬಸ್ ಇಳದು ಹೊಲಕ್ಕ ಬರೂದ್ರಾಗ ಗಿಡ ಕಂಡಲ್ಲೆಲ್ಲಾ ಕುಂತಿ. ಮೊದಲ ಕೈಯಾಗಿಂದು ಕೆಳಗಿಡು.”

ಮೂವರ ಮೊಬೈಲುಗಳೂ ಖಾಲಿ ರೊಟ್ಟಿ ಬುಟ್ಟಿಗೆ ಬಿದ್ದವು. ಮೇಲೊಂದು ಬಟ್ಟೆ ಮುಚ್ಚಿ, ಆಕೆ ಬುಟ್ಟಿಯನ್ನು ಕಲ್ಲುಗಳ ಮುಂದಿಟ್ಟಳು.

“ವಿಡಿಯೋ ಯಾರು ತೆಗೀಬೇಕ್ರಿ, ಆಯಿ?” ಗೌತಮನ ದನಿ ಅಳುವಂತಿತ್ತು.

“ಪಾಂಡವ್ರು ತೆಗೀತಾರ. ನೀವಿಬ್ರೂ ಅವನ ಹಿಂದ ಒದರ್ಕೋತ ಓಡ್ರಿ.”

ಸೋಮನಾಥ ಗಡಿಗೆ ಎತ್ತಿ ಹಗ್ಗ ಹರಿದ ಹೋರಿಯಂತೆ ಹೊರಟ. ತಪ್ಪಿದ್ದು ಅಲ್ಲೇ. ನಮ್ಮ ದಮ್ಮು ಇದ್ದದ್ದು ಒಂದು ರೀಲಿನಷ್ಟು ಉದ್ದ. ತೊಗರಿ ಸಾಲು ಮುಗಿಯುವುದರೊಳಗೆ ಅವನ ಕಾಲು ಎಳೆಯತೊಡಗಿತು.

“ಸ್ವಲ್ಪ ನಿಂದ್ರೋ ತಮ್ಮಾ, ನೀರು ಕುಡಿ,” ಎಂದು ಕಾಕಾ ಬದುವಿನಿಂದ ಬಹಳ ಪ್ರೀತಿಯಿಂದ ಕರೆದರು.

“ನಿಂದ್ರಬ್ಯಾಡಲೇ,” ಎಂದು ಕೊಂಪೆಯ ಕಡೆಯಿಂದ ಅಪ್ಪ ಕೂಗಿದರು.

ಸೋಮನಾಥನ ಕಣ್ಣಲ್ಲಿ ನೀರು ಬಂದಿತ್ತು. ಆಗ ಗೌತಮ, ಗೇಮಿನಲ್ಲಿ ಜೊತೆಗಾರನಿಗೆ ಚೀರುವ ಅದೇ ದನಿಯಲ್ಲಿ, “ಲೇ, ನಿಂದ್ರಬಾರದಿದ್ದದ್ದು ಗಡಗಿ. ನೀ ನಿಂತ್ರ ಏನಾತು? ಕೊಡಿಲ್ಲಿ,” ಎಂದು ಓಡುತ್ತಲೇ ಅದನ್ನು ಕಿತ್ತುಕೊಂಡ. ಅರ್ಧ ಅಂಬಲಿ ಅವನ ಅಂಗಿಗೇ ಚರಗವಾಯಿತು. ಅವನಿಂದ ನನಗೆ, ನನ್ನಿಂದ ಮತ್ತೆ ಸೋಮನಾಥನಿಗೆ. ಕಡಲೆ ಸಾಲಿನಲ್ಲಿ ನನ್ನ ಚಪ್ಪಲಿ ಹರಿಯಿತು, ಗೀರಿದ ಕಾಲಿಗೆ ಹುಳಿ ಹತ್ತಿ ಉರಿಯಿತು. ನಕ್ಕರೆ ಉಸಿರು ಹೋಗುತ್ತದೆಂದು ಗೊತ್ತಿದ್ದೂ ನಗುತ್ತಲೇ ಓಡಿದೆವು. ಕೊನೆಯ ತಿರುವಿನಿಂದ ಕೊಂಪೆಯವರೆಗೆ ಗಡಿಗೆ ತಂದವನು ನಾನು.

ಅಥವಾ ಹಾಗೆಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಗಂಜಿನಲ್ಲೇ ನಿಂತು ಸೋಮನಾಥನಿಗೆ ಫೋನ್ ಮಾಡಿದೆ. ಅವನೀಗ ಔರಾದಿನಲ್ಲಿ ಮೇಷ್ಟ್ರು; ಭಾನುವಾರವಾದ್ದರಿಂದ ಸಂತಪುರದ ಮನೆಯಲ್ಲಿದ್ದ.

“ನೀ ತಂದಿ? ನೀ ಹರಿದ ಚಪ್ಲಿ ಕೈಯಾಗ ಹಿಡಕೊಂಡು ಹಿಂದ ಕುಂಟ್ಕೋತ ಬಂದಿದ್ದಿ. ತಂದಾವ ನಾ.”

ಗೌತಮನನ್ನೂ ಕರೆಗೆ ಸೇರಿಸಿದೆವು. ಭಾಲ್ಕಿಯಿಂದ ಅವನು ಬಹಳ ಶಾಂತವಾಗಿ, “ನೀವಿಬ್ರೂ ಕಡಲಿ ಹೊಲದಾಗ ಬಿದ್ದಿದ್ರಲ್ಲೋ,” ಎಂದ.

ಒಂದು ಗಡಿಗೆಗೆ ಮೂವರು ವೀರರು. ನನಗೆ ನಿಜಕ್ಕೂ ಭಯವಾಯಿತು. ನೆನಪು ಇಷ್ಟು ತಪ್ಪಿರುವಾಗ ಗಡಿಗೆಯೂ ಎಲ್ಲೋ ಒಂದು ಗಳಿಗೆ ನಿಂತಿರಬಹುದಲ್ಲ, ನಾವು ಮೂವರೂ ಅದನ್ನು ಮರೆತಿರಬಹುದಲ್ಲ? ಆಯಿಗೆ ಫೋನ್ ಕೊಡು ಎಂದೆ.

“ಯಾರು ತಂದ್ರೋ ನನಗೇನು ಗೊತ್ತಪ್ಪಾ,” ಎಂದಳು ಆಯಿ. “ನಾ ನಿಮ್ಮ ಮಾರಿ ನೋಡ್ತಿದ್ದಿಲ್ಲ, ಗಡಗಿ ನೋಡ್ತಿದ್ದೆ. ಅದು ನಿಂದ್ರಲಿಲ್ಲ. ನಿಂತಿದ್ರ ಇವನ ಕಾಕಾ ಸುಮ್ಮ ಬಿಡ್ತಿದ್ದನ?”

ಎದುರು ಪಕ್ಷದ ಸಾಕ್ಷಿ. ಇದಕ್ಕಿಂತ ಗಟ್ಟಿ ಪುರಾವೆ ಯಾವ ವಿಶ್ವವಿದ್ಯಾಲಯ ಕೇಳೀತು?

“ಸೋಮ್ಯಾಗ ಹೊಟ್ಟಿ ಬಂದದ,” ಎಂದು ಆಕೆ ಮುಂದುವರಿಸಿದಳು. “ಈ ಸಲ ನೀವಿಬ್ರೂ ಬರ್ರಿ. ಕಾಕಾ ಈಗಿಂದೇ ಕಾಯಾಕತ್ಯಾನ.”

ಮರುದಿನ ಬೆಳಿಗ್ಗೆ ಬೀದರ್ ಕೋಟೆಯ ಹತ್ತಿರದ ರಸ್ತೆಯಲ್ಲಿ, ತುಂಬಿದ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಓಡುತ್ತಿದ್ದವನನ್ನು ನೀವು ಕಂಡಿದ್ದರೆ, ಅದು ನಾನೇ. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ಬಹಳ ಕನಿಕರದಿಂದ, “ಸಾಹೇಬ್ರ, ಆ ಕಡಿ ಈಗ ಬಯಲಿಲ್ಲರಿ, ಎಲ್ಲಾ ಮನಿ ಆಗ್ಯಾವ,” ಎಂದರು. ಇದು ಚರಗದ ತಾಲೀಮು ಎಂದು ವಿವರಿಸಬೇಕೆಂದರೆ ನಿಲ್ಲಬೇಕಿತ್ತು. ಅವರು ಏನಾದರೂ ಅಂದುಕೊಳ್ಳಲಿ ಎಂದು ಓಡಿದೆ.