ದೊಡ್ಡಮ್ಮ ವಾಪಸ್ ಕಳಿಸಿದ ಬಾಗಿನ

ದೇವನಹಳ್ಳಿಯಲ್ಲಿ ವಿಮಾನ ಹಾರಲು ಶುರುವಾದ ವರ್ಷ, ಗೌರಿ ಹಬ್ಬದ ದಿನ, ನಮ್ಮ ದೊಡ್ಡಮ್ಮ ತವರಿನಿಂದ ಬಂದ ಬಾಗಿನವನ್ನು ವಾಪಸ್ ಕಳಿಸಿದರು.

ಬಳೆಗಳನ್ನು ಮೊಣಕೈವರೆಗೆ ಏರಿಸಿ, ಜಾರದಂತೆ ದ್ರಾಕ್ಷಿ ಬಳ್ಳಿ ಕಟ್ಟುವ ದಾರದಿಂದ ಬಿಗಿದುಕೊಳ್ಳುತ್ತಿದ್ದ ಹೆಂಗಸು ಅವರು. ಹಬ್ಬದ ದಿನವೂ ಆ ದಾರ ಬಿಚ್ಚುತ್ತಿರಲಿಲ್ಲ. ಮಾತು ಜೋರು. ತಲೆಯ ಮೇಲೆ ವಿಮಾನ ಹೋದರೆ ಮಾತ್ರ ಬಲಗೈ ಎತ್ತಿ ನಿಲ್ಲಿಸುತ್ತಿದ್ದರು. ಸದ್ದು ಅಡಗಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು. ಎದುರಿಗಿದ್ದವರೂ ಕಾಯಬೇಕು. ಬೈಗುಳಕ್ಕೂ ಇದೇ ನಿಯಮ.

ಅವರ ತವರು ಆವತಿ ಕಡೆಯ ಒಂದು ಹಳ್ಳಿ. ನಮ್ಮೂರಿಗಿಂತ ಎತ್ತರದಲ್ಲಿದ್ದುದರಿಂದ ನಾವು ಅದನ್ನು ಮೇಲಿನೂರು ಎನ್ನುತ್ತಿದ್ದೆವು. ಅಲ್ಲಿಯ ಕೆರೆ ತುಂಬಿ ಕೋಡಿ ಹರಿದರೆ, ಹೆಚ್ಚಾದ ನೀರು ಕಾಲುವೆಯಲ್ಲಿಳಿದು ನಮ್ಮೂರ ಕೆರೆಗೆ ಬರುತ್ತಿತ್ತು. ಬೋರ್‌ವೆಲ್‌ಗಳು ಬತ್ತತೊಡಗಿದಾಗ, ನೀರು ಇನ್ನಷ್ಟು ನಿಲ್ಲಲಿ ಎಂದು ಮೇಲಿನೂರಿನವರು ಕೋಡಿಯ ಮೇಲೆ ಎರಡು ಸಾಲು ಚಪ್ಪಡಿ ಕಲ್ಲು ಕೂರಿಸಿದರು. ಮುಂದೆ ನಿಂತು ಮಾಡಿಸಿದವರು ದೊಡ್ಡಮ್ಮನ ತಮ್ಮ, ಅಲ್ಲಿಯ ಪಂಚಾಯಿತಿ ಮೆಂಬರು. ಆಮೇಲೆ ನಮ್ಮ ಕೆರೆಗೆ ನೀರು ಬರಲಿಲ್ಲ. ದೊಡ್ಡಮ್ಮನ ದ್ರಾಕ್ಷಿ ತೋಟದ ಬೋರ್‌ವೆಲ್‌ನಲ್ಲಿ ಬರೀ ಗಾಳಿ ಬರುತ್ತಿತ್ತು. ನೀರಿಲ್ಲದ ಜಮೀನು ಇಟ್ಕೊಂಡು ಏನ್ಮಾಡ್ತೀರಿ, ಸೈಟಿಗೆ ಕೊಟ್ಬಿಡಿ ಎಂದು ಬ್ರೋಕರುಗಳು ಜಗಲಿಗೆ ಬಂದು ಕೂರುತ್ತಿದ್ದರು. ತೋಟ ಉಳಿಯಬೇಕಾದರೆ ಕೋಡಿ ಇಳಿಯಬೇಕಿತ್ತು. ಗಂಡಸರು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದರು. ಅರ್ಜಿ ಅಲ್ಲೇ ಇತ್ತು.

ಹಬ್ಬದ ದಿನ ಆ ತಮ್ಮ ಬೈಕಿನಲ್ಲಿ ಬಂದು ಬಾಗಿನದ ಜೋಡಿ ಮೊರ, ಅದರ ಮೇಲೊಂದು ಸೀರೆ ಇಟ್ಟರು. ದೊಡ್ಡಮ್ಮ ಸೀರೆಯ ಸೆರಗು ಬಿಡಿಸಿ ನೋಡಿದರು.

“ಚೆನ್ನಾಗೈತೆ ಕಣೋ. ಒಗೆಯಕ್ಕೆ ನೀರೆಲ್ಲೈತೆ? ತಗೊಂಡೋಗು.”

“ಅಕ್ಕಾ, ಹಬ್ಬದ ದಿನ ಹಿಂಗನ್ಬೇಡ. ಕಲ್ಲು ನಾನೊಬ್ನೇ ಹಾಕ್ಲಿಲ್ಲ, ಊರೋರೆಲ್ಲಾ ಸೇರಿ...”

ವಿಮಾನ ಬಂತು. ದೊಡ್ಡಮ್ಮನ ಕೈ ಮೇಲೆದ್ದಿತು. ಬಾಯಿ ತೆರೆದುಕೊಂಡೇ ತಮ್ಮ ಕಾದರು.

“ಹೂಂ, ಊರೋರೆಲ್ಲಾ ಸೇರಿ?”

“ಹಾಕಿದ್ದು.”

“ಹಂಗಾದ್ರೆ ಊರೋರೆಲ್ಲಾ ಸೇರಿ ತೆಗೀರಿ. ನಾನೂ ಆ ಊರೋಳೇ.”

ತವರಿನ ಬಾಗಿನ ತಿರುಗಿಸುವುದು ಸಣ್ಣ ಮಾತಲ್ಲ. ಇನ್ನು ಆ ಮನೆಯ ಹೊಸ್ತಿಲು ತುಳಿಯುವ ಹಾಗಿಲ್ಲ ಎಂದು ನಮ್ಮಜ್ಜಿ ಹೆದರಿದರು. ದೊಡ್ಡಮ್ಮ ಒಳಗೆ ಹೋಗಿ ಒಬ್ಬಟ್ಟು ತಂದು ತಮ್ಮನ ಮುಂದಿಟ್ಟರು. “ಜಗಳ ಕಲ್ಲಿಂದು. ನೀನು ತಿನ್ನು.”

ನಮ್ಮೂರಿನ ಅರ್ಧ ಸೊಸೆಯಂದಿರು ಮೇಲಿನೂರಿನವರೇ. ಸಂಜೆಯೊಳಗೆ ಒಂದೊಂದೇ ಮನೆಯಿಂದ ಅಣ್ಣತಮ್ಮಂದಿರು ಮೊರಗಳನ್ನು ಬೈಕಿನ ಟ್ಯಾಂಕಿನ ಮೇಲೆ ಇಟ್ಟುಕೊಂಡು ಬಂದ ದಾರಿಯಲ್ಲೇ ವಾಪಸಾದರು. ಮೇಲಿನೂರಿನಲ್ಲಿ ತಾಯಂದಿರು ಅವರನ್ನು ಬಾಗಿಲಲ್ಲೇ ತಡೆದು, ಮಗಳು ಮುಟ್ಟದ ಮೊರ ಒಳಗೆ ತರಬೇಡಿ ಎಂದರಂತೆ.

ಊರಿನ ಗಣೇಶನನ್ನು ನೀರಿಗೆ ಬಿಡುವ ಮೊದಲೇ ತಮ್ಮ ಮತ್ತೆ ಬಂದರು.

“ಒಂದು ಸಾಲು ತೆಗೀತೀವಿ ಅಕ್ಕ. ಊರು ಒಪ್ಪೈತೆ.”

“ಬಾಗಿನಕ್ಕೆ ಎಷ್ಟು ಮೊರ ಇಡ್ತಾರೋ?”

“ಎರಡು.”

“ಒಂದೇ ಮೊರ ತಂದಿದ್ರೆ ಇಸ್ಕೊಂತಿದ್ನಾ ನಾನು?”

ತಮ್ಮ ನಕ್ಕುಬಿಟ್ಟರು. ಎರಡು ಸಾಲೂ ಹೋದವು.

ದಸರೆ ಕಳೆದ ಮೇಲೆ ಮಳೆ ಹಿಡಿದು ಕೋಡಿ ಹರಿಯಿತು. ನಮ್ಮ ಕೆರೆ ತುಂಬಲಿಲ್ಲ, ಅರ್ಧಕ್ಕೆ ಬಂತು. ತೋಟಕ್ಕೆ ಅಷ್ಟು ಸಾಕಾಯಿತು. ಬ್ರೋಕರುಗಳು ಬೇರೆ ಜಗಲಿ ಹುಡುಕಿಕೊಂಡರು. ತೆಗೆದ ಚಪ್ಪಡಿಗಳಲ್ಲೊಂದನ್ನು ದೊಡ್ಡಮ್ಮ ತಮ್ಮನ ಟ್ರ್ಯಾಕ್ಟರಿನಲ್ಲೇ ತರಿಸಿ ಹಿತ್ತಲಲ್ಲಿ ಒಗೆಯುವ ಕಲ್ಲಾಗಿ ಹಾಕಿಸಿಕೊಂಡರು. ಅದರ ಮೇಲೆ ಮೊದಲು ಒಗೆದದ್ದು ತಮ್ಮ ಮತ್ತೆ ತಂದುಕೊಟ್ಟ ಆ ಹಬ್ಬದ ಸೀರೆ.

ದೊಡ್ಡಮ್ಮ ತೀರಿಕೊಂಡು ಎರಡು ವರ್ಷವಾಯಿತು. ಅವರ ಸೊಸೆ ಮೇಲಿನೂರಿನವಳಲ್ಲ. ಆದರೂ ಈ ಸಲದ ಗೌರಿ ಹಬ್ಬಕ್ಕೆ ಆ ತಮ್ಮ, ಈಗ ಬೈಕು ಓಡಿಸಲಾಗದವರು, ಮಗನ ಹಿಂದೆ ಕೂತು ಬಂದು ಜೋಡಿ ಮೊರವನ್ನು ಅವಳ ಕೈಗೆ ಕೊಟ್ಟರು.

“ಕೋಡಿ ಹಂಗೇ ಐತಮ್ಮ” ಎಂದರು.

ಯಾರೂ ಕೇಳಿರಲಿಲ್ಲ.