ಕೂಲಂಟ್ ಬದಲಿಸಲು ಕೂಡಿಬರದ ಮುಹೂರ್ತ

ಕಾರಿನ ಬಾನೆಟ್ ಎತ್ತಿ, ಸೊಂಟದ ಮೇಲೆ ಕೈಯಿಟ್ಟು, ಒಳಗೆ ಗಂಭೀರವಾಗಿ ಇಣುಕುವ ಗಂಡಸರನ್ನು ನೀವು ನೋಡಿರಬಹುದು. ಅವರು ಅಲ್ಲಿ ಏನು ನೋಡುತ್ತಾರೆ ಎಂಬ ಗುಟ್ಟನ್ನು ಇವತ್ತು ಹೇಳಿಬಿಡುತ್ತೇನೆ: ಏನನ್ನೂ ನೋಡುವುದಿಲ್ಲ. ದೆಹಲಿಯ ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಕೆಳಗೆ ನಾನು ವರ್ಷಗಟ್ಟಲೆ ಪ್ರತಿ ಭಾನುವಾರ ಹೀಗೆ ನಿಂತಿದ್ದೇನೆ. ಒಂದೆರಡು ವಯರುಗಳನ್ನು ಬೆರಳಿನಿಂದ ಮುಟ್ಟಿ, "ಹ್ಞೂಂ" ಎಂದು ತಲೆಯಾಡಿಸಿ, ಬಾನೆಟ್ ಮುಚ್ಚಿ ತಿಂಡಿಗೆ ಹೋಗುತ್ತಿದ್ದೆ.

ಈ ಸುಖಕ್ಕೆ ಕಲ್ಲು ಹಾಕಿದವರು ಎದುರುಮನೆಯ ಅರೋರಾ ಸಾಹೇಬರು. ಒಂದು ಭಾನುವಾರ ಅವರೂ ನನ್ನ ಪಕ್ಕದಲ್ಲಿ ನಿಂತು ಇಣುಕಿ, "ಕೂಲಂಟ್ ಕಬ್ ಬದಲಾ ಥಾ?" ಎಂದರು; ಎಂಜಿನ್ ತಂಪಾಗಿಡುವ ದ್ರವವನ್ನು ಬದಲಿಸಿದ್ದು ಯಾವಾಗ ಎಂದು. ಮೂಲೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದ ಹಸಿರು ದ್ರವವನ್ನು ನಾನು ಅಲ್ಲಿಯವರೆಗೆ ಗಾಜು ಒರೆಸುವ ನೀರೆಂದೇ ತಿಳಿದಿದ್ದೆ. ಆದರೆ ಕೇಂದ್ರ ಸರ್ಕಾರದ ಅಧೀನ ಕಾರ್ಯದರ್ಶಿಯಾದವನು ಗೊತ್ತಿಲ್ಲ ಎಂದು ಹೇಳುವ ಪದ್ಧತಿಯಿಲ್ಲ. "ವಿಷಯ ಪರಿಶೀಲನೆಯಲ್ಲಿದೆ" ಎಂದೆ. ಅವರೂ ಸರ್ಕಾರಿ ಅಧಿಕಾರಿಯೇ ಆದ್ದರಿಂದ ಅರ್ಥ ಮಾಡಿಕೊಂಡರು.

ಪರಿಶೀಲನೆ ಶುರುವಾಯಿತು. ಮೊದಲು ಕಾರಿನ ಜೊತೆ ಬಂದಿದ್ದ ಪುಸ್ತಕ ತೆಗೆದೆ. ಐದು ವರ್ಷಕ್ಕೊಮ್ಮೆ ಅಥವಾ ಒಂದು ಲಕ್ಷ ಕಿಲೋಮೀಟರಿಗೊಮ್ಮೆ, ಯಾವುದು ಮೊದಲೋ ಆಗ ಬದಲಿಸಿ ಎಂದು ಅದರಲ್ಲಿತ್ತು. ಈ "ಯಾವುದು ಮೊದಲೋ" ಎಂಬ ಮಾತು ನಮ್ಮ ಕಚೇರಿಯ ಸಂಸ್ಕೃತಿಗೆ ಒಗ್ಗುವಂಥದ್ದಲ್ಲ. ನಾವು ಅದನ್ನು "ಯಾವುದು ಕೊನೆಗೋ" ಎಂದು ಓದಿಕೊಂಡೇ ಬೆಳೆದವರು. ನನ್ನ ಕಾರಿಗೆ ಹನ್ನೊಂದು ವರ್ಷ ತುಂಬಿತ್ತು. ಓಡಿದ್ದು ಮಾತ್ರ ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ, ಹಬ್ಬಹರಿದಿನಗಳಲ್ಲಿ ಪೀತಮ್‌ಪುರಾದ ನೆಂಟರ ಮನೆಗೆ. ಲಕ್ಷ ಇನ್ನೂ ಬಹಳ ದೂರವಿತ್ತು. ವರ್ಷದ ಲೆಕ್ಕದಲ್ಲಿ ಮುದುಕನಾದ ಕಾರು ಕಿಲೋಮೀಟರಿನ ಲೆಕ್ಕದಲ್ಲಿ ಬಾಲಕ. ನಾನು ಬಾಲಕನ ಪಕ್ಷ ವಹಿಸಿದೆ.

ಒಂದೇ ಅಭಿಪ್ರಾಯದ ಮೇಲೆ ತೀರ್ಮಾನ ಮಾಡಿದರೆ ನಾಳೆ ಯಾರಾದರೂ ಆಕ್ಷೇಪಿಸಬಹುದು. ಆದ್ದರಿಂದ ಇತರರನ್ನೂ ಕೇಳಿದೆ. ಬೇವಿನ ಮರದ ಕೆಳಗೆ ಅಂಗಡಿಯಿಟ್ಟಿರುವ ಮೆಕ್ಯಾನಿಕ್ ಗುಲ್ಶನ್ ಭಯ್ಯಾ, ದೆಹಲಿಯ ಬೇಸಿಗೆಗೆ ಎರಡು ವರ್ಷವೇ ಹೆಚ್ಚು ಎಂದ. ಅರೋರಾ ಸಾಹೇಬರು, ತಮ್ಮ ಹಳೆಯ ಕಾರಿಗೆ ಬರೀ ನಲ್ಲಿ ನೀರು ಹಾಕಿ ಮಾರುವತನಕ ಓಡಿಸಿದ್ದಾಗಿ ಹೇಳಿದರು. ಕೊಂಡವನ ಗತಿ ಏನಾಯಿತೆಂದು ಹೇಳಲಿಲ್ಲ. ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆ ಹಾಕಿದೆ. ಹಸಿರಾದರೆ ಎರಡು ವರ್ಷ, ಕೆಂಪಾದರೆ ಐದು ಎಂದು ಒಬ್ಬರು ಬರೆದರು. ಬಣ್ಣ ನೋಡಿ ಗುಣ ಹೇಳಬಾರದು ಎಂದು ಇನ್ನೊಬ್ಬರು ತಿದ್ದಿದರು. ಅಲ್ಲಿಂದ ಚರ್ಚೆ ಬಣ್ಣಗಳಿಗೂ ರಾಜಕೀಯಕ್ಕೂ ಹೊರಳಿ, ಇಬ್ಬರು ಗುಂಪು ಬಿಟ್ಟು ಹೋದರು. ಮರುದಿನ ಬೆಳಿಗ್ಗೆ ಯಾರೋ ಗುಲಾಬಿ ಹೂವಿನ ಚಿತ್ರದೊಡನೆ ಶುಭೋದಯ ಹೇಳಿದರು.

ಈ ಗೊಂದಲಕ್ಕೆ ನಮ್ಮ ಪರಂಪರೆಯೂ ಸ್ವಲ್ಪ ಕಾರಣವಿದ್ದೀತು. ಹಳೆಯ ಕಾವ್ಯಗಳಲ್ಲಿ ವಿರಹದಿಂದ ಬೇಯುವ ನಾಯಿಕೆಗೆ ಸಖಿಯರು ಶೈತ್ಯೋಪಚಾರ ಮಾಡುತ್ತಾರಲ್ಲ, ಮೈಗೆ ಶ್ರೀಗಂಧ, ಎದೆಗೆ ತಾವರೆ ಎಲೆ, ಕೈಗೆ ಚಂದ್ರಕಾಂತ ಶಿಲೆ. ಪುಟಗಟ್ಟಲೆ ಉಪಚಾರ ನಡೆಯುತ್ತದೆ. ಆದರೆ ಆ ತಾವರೆ ಎಲೆಯನ್ನು ಎಷ್ಟು ಹೊತ್ತಿಗೊಮ್ಮೆ ಬದಲಿಸಬೇಕು? ಯಾವ ಕವಿಯೂ ಹೇಳಿದಂತಿಲ್ಲ. ಎಲೆ ಬಾಡಿದ್ದನ್ನು ವರ್ಣಿಸಿ ಮುಂದಿನ ಪದ್ಯಕ್ಕೆ ಹೋಗುತ್ತಾರೆ. ತಂಪು ಮಾಡುವ ವಸ್ತುವೂ ದಣಿಯುತ್ತದೆ, ಅದಕ್ಕೂ ಆಯುಸ್ಸಿದೆ ಎಂಬ ವಿಚಾರ ನಮ್ಮ ತಲೆಗೆ ಹೋಗುವುದೇ ಇಲ್ಲ. ಕೂಲಂಟಿನದೂ ಅದೇ ಕಥೆಯೆಂದು ಆಮೇಲೆ ಗೊತ್ತಾಯಿತು. ನೋಡಲು ನೀರಿನಂತಿದ್ದರೂ ಅದರಲ್ಲಿ ತುಕ್ಕು ತಡೆಯುವ ಮದ್ದಿರುತ್ತದೆ. ಕಾರು ನಿಂತೇ ಇದ್ದರೂ ಅದರ ಶಕ್ತಿ ವರ್ಷದಿಂದ ವರ್ಷಕ್ಕೆ ಕುಂದುತ್ತದೆ. ಕೂತಲ್ಲೇ ಸವೆಯುವುದು ಹೇಗೆಂಬುದು ನಮ್ಮಂಥ ಅಧಿಕಾರಿಗಳಿಗೆ ಗೊತ್ತಿರಬೇಕಿತ್ತು.

ಕಡತ ಹೀಗೆ ಬಾಕಿ ಇರುವಾಗಲೇ ಡಬ್ಬಿಯ ದ್ರವ ಕೆಳಗಿನ ಗೆರೆಗಿಂತ ಇಳಿಯಿತು. ನಲ್ಲಿ ನೀರು ಹಾಕಲೇಬೇಡಿ, ಶುದ್ಧ ಮಾಡಿದ ಡಿಸ್ಟಿಲ್ಡ್ ನೀರೇ ಆಗಬೇಕು ಎಂದು ಗುಲ್ಶನ್ ಹೇಳಿದ್ದ. ಶುದ್ಧ ನೀರಿಗೆ ನಮ್ಮ ಮನೆಯಲ್ಲೇನು ಬರ? ದೆಹಲಿಯ ಎಲ್ಲ ಮನೆಗಳಂತೆ ನಮ್ಮ ಅಡುಗೆಮನೆಯ ಗೋಡೆಯಲ್ಲೂ ಆರ್‌ಓ ಯಂತ್ರವಿದೆ. ಅದಕ್ಕೆ ಎರಡು ಕೊಳವೆ. ಒಂದರಲ್ಲಿ ಕುಡಿಯುವ ನೀರು. ಇನ್ನೊಂದರಲ್ಲಿ ಆ ನೀರಿನಿಂದ ತೆಗೆದ ಉಪ್ಪು, ಸುಣ್ಣಗಳನ್ನೆಲ್ಲ ಹೊತ್ತ ತಿರಸ್ಕೃತ ನೀರು. ಅದು ದಂಡವಾಗದಿರಲೆಂದು ನನ್ನ ಹೆಂಡತಿ ಸುಮಾ ಕೆಳಗೊಂದು ಬಕೆಟ್ ಇಟ್ಟು, ನೆಲ ಒರೆಸಲು ಬಳಸುತ್ತಾಳೆ. ಕುಡಿಯುವ ನೀರನ್ನು ಕಾರಿಗೆ ಸುರಿಯಲು ನನ್ನ ಮನಸ್ಸು ಒಪ್ಪಲಿಲ್ಲ. ಬಕೆಟ್ಟಿನದೂ ಅದೇ ಯಂತ್ರದಿಂದ ಬಂದದ್ದಲ್ಲವೇ ಎಂದುಕೊಂಡು ತಿಂಗಳಿಗೊಂದು ಚೊಂಬಿನಂತೆ ಎರಡು ವರ್ಷ ಹೊಯ್ದೆ. ನೆಂಟರು ಬಂದಾಗಲೆಲ್ಲ ಸಾರಿಗೆ ನೀರು ಬೆರೆಸಿದಂತೆ ಕೆಲಸ ಸಲೀಸಾಗಿ ನಡೆಯಿತು. ಮೇಲಾಗಿ ದೆಹಲಿಯಲ್ಲಿ ಪೆಟ್ರೋಲ್ ಕಾರಿಗೆ ಹದಿನೈದು ವರ್ಷವೇ ಆಯುಸ್ಸು ಎನ್ನುತ್ತಾರೆ. ಉಳಿದ ಎರಡು ವರ್ಷಕ್ಕೂ ಈ ಉಪಚಾರವೇ ಸಾಕೆನಿಸಿತ್ತು.

ಹೀಗಿರುವಾಗ ನಸ್ರೀನಳ ಸಂದರ್ಶನದ ದಿನ ಬಂತು. ನಸ್ರೀನ್ ಹರಿಹರದಲ್ಲಿ ನನ್ನ ಜೊತೆ ಓದಿದ ರಫೀಕನ ಮಗಳು. ನಾಗರಿಕ ಸೇವಾ ಪರೀಕ್ಷೆಗೆಂದು ನಾಲ್ಕು ವರ್ಷದಿಂದ ಮುಖರ್ಜಿ ನಗರದಲ್ಲಿ, ಮಂಚ ಇಟ್ಟರೆ ಮೇಜಿಗೆ ಜಾಗವಿಲ್ಲದ ಕೋಣೆಯಲ್ಲಿ ಓದುತ್ತಿದ್ದಳು. ಹಿಂದೆ ಎರಡು ಸಲ ಬಾಗಿಲವರೆಗೆ ಬಂದು ತಪ್ಪಿತ್ತು. ಇದೇ ಕೊನೆಯದು, ಆಗದಿದ್ದರೆ ವಾಪಸ್ ಬರುತ್ತೇನೆ ಎಂದು ಮನೆಯವರಿಗೆ ಮಾತು ಕೊಟ್ಟಿದ್ದಳು. ನಮ್ಮ ದೆಹಲಿ ಕನ್ನಡಿಗರಲ್ಲಿ ಒಂದು ರೂಢಿಯಿದೆ. ಊರಿನ ಯಾರ ಮಕ್ಕಳೇ ಆಗಲಿ, ಸಂದರ್ಶನದ ದಿನ ಯಾವುದಾದರೊಂದು ಮನೆಯವರು ಕಾರಿನಲ್ಲಿ ಕರೆದುಕೊಂಡು ಹೋಗಿ ಗೇಟಿನ ತನಕ ಬಿಟ್ಟು, ಹೊರಗೆ ಕಾಯುತ್ತಾರೆ.

"ಅಂಕಲ್, ಮೆಟ್ರೋದಲ್ಲಿ ನೇರ ಹೋಗ್ಬಹುದು, ಅರ್ಧ ಗಂಟೆ ಅಷ್ಟೆ" ಎಂದಳು ನಸ್ರೀನ್.

"ನಾನಿರೋವಾಗ ನೀನು ಸೀರೆ ಉಟ್ಕೊಂಡು ಮೆಟ್ರೋದಲ್ಲಿ ನೇತಾಡ್ಕೊಂಡು ಹೋಗೋದಾ? ರಫೀಕನಿಗೆ ಏನು ಮುಖ ತೋರಿಸ್ಲಿ?" ಎಂದು ಬಾಯಿ ಮುಚ್ಚಿಸಿದೆ.

ಏಪ್ರಿಲ್ ತಿಂಗಳು. ಬೆಳಿಗ್ಗೆ ಏಳೂಕಾಲಕ್ಕೆ ಮುಖರ್ಜಿ ನಗರದಿಂದ ಹೊರಟೆವು. ಸುಮಾ ಕಳಿಸಿದ್ದ ಸಕ್ಕರೆ ಬೆರೆಸಿದ ಮೊಸರನ್ನು ಎರಡು ಚಮಚ ತಿಂದು, ನಸ್ರೀನ್ ಗಂಜಿ ಹಾಕಿದ ನೀಲಿ ಸೀರೆ ಮುದುಡದಂತೆ ನೇರ ಕೂತಿದ್ದಳು. ಕಾಶ್ಮೀರಿ ಗೇಟಿನ ಬಳಿ ವಾಹನಗಳು ಸಾಲುಗಟ್ಟಿ ನಿಂತಿದ್ದವು. "ಅಂಕಲ್, ಈ ಮುಳ್ಳು ಯಾಕೆ ಮೇಲೆ ಹೋಗ್ತಿದೆ?" ಎಂದಳು. ಎಂಜಿನ್ನಿನ ಬಿಸಿ ತೋರಿಸುವ ಆ ಮುಳ್ಳನ್ನು ನಾನು ಅದೇ ಮೊದಲು ನೋಡಿದ್ದು. ಬೇಸಿಗೆಯಲ್ಲಿ ಹಾಗೇ, ಎಂದೆ. ಅರೋರಾ ಸಾಹೇಬರಿಗೆ ಫೋನ್ ಮಾಡಿದರೆ, ಎ.ಸಿ. ಆರಿಸಿ ಹೀಟರ್ ಹಾಕು, ಎಂಜಿನ್ನಿನ ಬಿಸಿ ಒಳಗೆ ಬರುತ್ತದೆ ಎಂದರು. ಆ ಸಲಹೆಯೊಂದು ಮಾತ್ರ ಸರಿಯಾಗಿತ್ತು, ಬಿಸಿ ಒಳಗೆ ಬಂತು. ಕೊನೆಯ ಅವಕಾಶಕ್ಕೆ ಹೊರಟ ಹುಡುಗಿಯನ್ನು ನಾನು ಇಡ್ಲಿಯಂತೆ ಬೇಯಿಸುತ್ತಿದ್ದೆ. ಐದು ನಿಮಿಷದಲ್ಲಿ ಬಾನೆಟ್ಟಿನ ಅಂಚಿನಿಂದ ಹಬೆ ಎದ್ದು, ಕಾರು ನಿಂತಿತು.

ನಸ್ರೀನ್ ಗಡಿಯಾರ ನೋಡಿದಳು. ಒಂಬತ್ತಕ್ಕೆ ಹಾಜರಾಗಬೇಕು, ಎಂಟು ದಾಟಿತ್ತು. "ಅಂಕಲ್, ಈಗ್ಲೇ ರೇಡಿಯೇಟರ್ ಕ್ಯಾಪ್ ಮುಟ್ಬೇಡಿ, ಕೈ ಸುಟ್ಕೋತೀರಿ. ನಾನು ಮೆಟ್ರೋಗೆ ನಡೀತೀನಿ. ಚಲೋ, ಟೆನ್ಶನ್ ತಗೋಬೇಡಿ" ಎಂದು, ಫೈಲನ್ನು ಎದೆಗೊತ್ತಿ, ಸೀರೆಯ ನೆರಿಗೆ ಎತ್ತಿ ಹಿಡಿದು ಬಸ್ಸುಗಳ ನಡುವೆ ಹೋಗಿಬಿಟ್ಟಳು. ಅವಳ ಬೆನ್ನು ಪೂರ್ತಿ ಒದ್ದೆಯಾಗಿತ್ತು. ನನಗೆ ಅಳು ಬಂದಂತಾಯಿತು. ಆ ಹುಡುಗಿಯ ನಾಲ್ಕು ವರ್ಷದ ಓದನ್ನು ಒಂದು ಚೊಂಬು ನೀರಿನಲ್ಲಿ ಮುಳುಗಿಸಿಬಿಟ್ಟೆನಲ್ಲ ಎಂದು ರಸ್ತೆಯಲ್ಲೇ ಹಣೆ ಚಚ್ಚಿಕೊಂಡೆ. ದಾರಿಹೋಕರು ಒಬ್ಬೊಬ್ಬರಾಗಿ ಬಂದು, ಸೊಂಟಕ್ಕೆ ಕೈಯಿಟ್ಟು, ಒಳಗೆ ಇಣುಕಿ, "ಹ್ಞೂಂ" ಎಂದು ಹೋದರು.

ಗುಲ್ಶನ್ ಬಂದು ಕೊಳವೆ ಬಿಚ್ಚಿದಾಗ ಹಸಿರು ಹೋಗಲಿ, ಕಂದು ಬಣ್ಣದ ಕೆಸರು ಇಳಿಯಿತು. ಒಳಗೆಲ್ಲ ಬಿಳಿ ಹಿಟ್ಟಿನಂಥ ಪದರ ಕಟ್ಟಿತ್ತು. "ಸರ್‌ಜೀ, ಯಾವ ನೀರು ಹಾಕಿದ್ರಿ?" ಎಂದು ಹಿಂದಿಯಲ್ಲಿ ಕೇಳಿದ. ಆರ್‌ಓದ್ದೇ ಎಂದೆ. ಅವನು ನಂಬಲಿಲ್ಲ; ಒಳಗೆಲ್ಲ ತೊಳೆದು ಹೊಸ ಕೂಲಂಟ್ ತುಂಬಿದ. ಸುಮಾಳಿಗೆ ಫೋನಿನಲ್ಲಿ ಬಕೆಟ್ಟಿನ ವಿಷಯ ಹೇಳಿದೆ. ಅವಳು, "ರೀ, ಆ ನೀರನ್ನ ನಾನು ತುಳಸಿಗೂ ಹಾಕಲ್ಲ. ಒಂದು ಮಾತು ನನ್ನ ಕೇಳಿದ್ರೆ ಆಗ್ತಿರ್ಲಿಲ್ವಾ?" ಎಂದಳು. ಊರನ್ನೆಲ್ಲ ಅಭಿಪ್ರಾಯ ಕೇಳಿದವನು, ಮನೆಯಲ್ಲಿದ್ದ ತಜ್ಞೆಯನ್ನೇ ಬಿಟ್ಟಿದ್ದೆ.

ಮಧ್ಯಾಹ್ನ ನಸ್ರೀನಳ ಫೋನ್ ಬಂತು. ಎಂಟು ನಿಮಿಷ ಮೊದಲೇ ತಲುಪಿದ್ದಳಂತೆ. "ಹೇಗೆ ಬಂದ್ರಿ, ಇಷ್ಟು ಬೆವರಿದೀರಿ ಅಂತ ಇಂಟರ್‌ವ್ಯೂನಲ್ಲಿ ಕೇಳಿದ್ರು ಅಂಕಲ್. ಇದ್ದದ್ದು ಇದ್ದ ಹಾಗೆ ಹೇಳಿದೆ. ಕೂಲಂಟ್ ಯಾಕೆ ಬದಲಾಯಿಸಿರ್ಲಿಲ್ಲ ಅಂದ್ರು. ಅಂಕಲ್ ಮಿನಿಸ್ಟ್ರಿಯಲ್ಲಿದ್ದಾರೆ ಅಂದೆ. ಎಲ್ಲರೂ ನಕ್ಕುಬಿಟ್ರು!" ನಾನೂ ನಕ್ಕೆ. ನಗುವಾಗ ಕಿವಿ ಬಿಸಿಯಾಗಿತ್ತು ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಆಯ್ಕೆಯಾದವರ ಪಟ್ಟಿ ಬಂದಾಗ ಅದರಲ್ಲಿ ಅವಳ ಹೆಸರಿತ್ತು. ರಫೀಕ್ ಹರಿಹರದಿಂದ ಫೋನ್ ಮಾಡಿ, ನೀನು ಕಾರಲ್ಲಿ ಬಿಟ್ಟಿದ್ದಕ್ಕೇ ಆಯ್ತು ಎಂದು ಗದ್ಗದನಾದ. ಮಗಳು ಅವನಿಗೆ ಪೂರ್ತಿ ಹೇಳಿರಲಿಲ್ಲ. ನಾನೂ ಹೇಳಲಿಲ್ಲ, ದೇವರು ಕ್ಷಮಿಸಲಿ.

ತರಬೇತಿಗೆ ಹೊರಡುವ ದಿನ ನಸ್ರೀನ್ ಎರಡು ಪೆಟ್ಟಿಗೆಗಳೊಡನೆ ನಮ್ಮ ಮನೆಗೆ ಬಂದಳು. ನಾನೇ ತಗ್ಗಿದ ದನಿಯಲ್ಲಿ, "ಸ್ಟೇಷನ್ನಿಗೆ ಮೆಟ್ರೋದಲ್ಲೇ ಹೋಗೋಣವಾ ಅಮ್ಮಾ?" ಎಂದೆ. ಬೇಡ ಅಂಕಲ್, ಕಾರಲ್ಲೇ, ಎಂದಳು. ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಅವಳು ಕೆಳಗೆ ಹೋಗಿ ತಾನೇ ಬಾನೆಟ್ ಎತ್ತಿದ್ದಳು. ಸೊಂಟಕ್ಕೆ ಕೈಯಿಡಲಿಲ್ಲ, "ಹ್ಞೂಂ" ಎನ್ನಲಿಲ್ಲ. ಬಗ್ಗಿ, ಡಬ್ಬಿಯ ಗೆರೆ ನೋಡಿ, ಬಣ್ಣ ನೋಡಿ, ಕೊಳವೆ ಒತ್ತಿ ನೋಡಿದಳು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ.

"ಮುಂದಿನ ಸಲ ಬದಲಾಯಿಸೋದು ಯಾವಾಗ ಅಂಕಲ್?"

ವರ್ಷವೋ ಕಿಲೋಮೀಟರೋ ಎಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ, ಎಂದು ಶುರುಮಾಡಿದೆ. ಅವಳು ಬಾನೆಟ್ಟನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದಳು.

"ತಾರೀಖು ಹೇಳಿ ಅಂಕಲ್."

ಮೂವತ್ತು ವರ್ಷದ ಸರ್ಕಾರಿ ಸೇವೆಯಲ್ಲಿ ಮೊದಲ ಬಾರಿಗೆ ಒಂದು ಪ್ರಶ್ನೆಗೆ ನಾನು ತಾರೀಖು ಹೇಳಿದೆ. ಅವಳು ಬಾನೆಟ್ ಮುಚ್ಚಿ ಕಾರು ಹತ್ತಿದಳು.